ಹೋಗಿಬಾ ಅವ್ವ

ಕರಡಿಗೇರಿಯಲ್ಲಿ ಅಂಗಳಕ್ಕೆ ಬಂದ ನಾಯಿಗೂ 'ಹೋಗು' ಅನ್ನುವುದಿಲ್ಲ. ಹಚಾ ಅನ್ನುತ್ತಾರೆ, ಕಲ್ಲು ಬೀರುತ್ತಾರೆ, ಬಾಯಿಗೆ ಬಂದದ್ದೆಲ್ಲ ಬೈಯುತ್ತಾರೆ, ಆದರೆ ಬರೀ 'ಹೋಗು' ಮಾತ್ರ ಅನ್ನುವುದಿಲ್ಲ. ಹೊರಟವರು 'ಬರ್ತೇನಿ' ಅನ್ನಬೇಕು, ಕಳಿಸುವವರು 'ಹೋಗಿ ಬಾ' ಅನ್ನಬೇಕು. ಒಮ್ಮೆ ಒಬ್ಬ ಜೇಲಿಗೆ ಹೊರಟಾಗಲೂ ಊರು ಸೇರಿ ಹಾಗೇ ಅಂದಿತ್ತು. ಅವನು ಹೋಗಿ ಬಂದ, ಮತ್ತೆ ಹೋದ, ಮತ್ತೆ ಬಂದ. ಮಾತಿಗೆ ಅಷ್ಟು ಬೆಲೆ ಇರುವ ಊರು.

ಇಂಥ ಊರಿನಲ್ಲಿ ಸುಂದ್ರಮ್ಮನ ಕೈಗೆ ಫಾದರ್ ಲಿಗೋರಿಯವರು ಸಾಯುವವರ ಪ್ರಾರ್ಥನೆಯ ಪುಸ್ತಕ ಕೊಟ್ಟಿದ್ದರು.

ಶಹಾಪುರ ದಾಟಿ ಕಾಲುವೆ ದಂಡೆಗುಂಟ ಹೋದರೆ ಕರಡಿಗೇರಿ. ಊರಿನ ಹೊರಗೆ ಕ್ರೈಸ್ತರ ನಾಲ್ಕಾರು ಮನೆ, ಒಂದು ತಗಡಿನ ಚರ್ಚು. ಫಾದರ್ ಇರುವುದು ಭೀಮಾ ನದಿಯ ಆಚೆ, ಯಾದಗಿರಿಯಲ್ಲಿ. ಅವರ ಮೋಟರ್ ಸೈಕಲ್ಲು ಸಾವಿಗಿಂತ ನಿಧಾನ. ಅವರು ಬಂದು ಮುಟ್ಟುವ ಹೊತ್ತಿಗೆ ಹೆಣಕ್ಕೆ ಸ್ನಾನವಾಗಿರುತ್ತಿತ್ತು. ಹಾಗಾಗಿ ಕೇರಿಯಲ್ಲಿ ಓದು ಬಲ್ಲ ಒಬ್ಬಳೇ ಹೆಂಗಸಾದ ಸುಂದ್ರಮ್ಮನನ್ನು ಕರೆದು ಹೇಳಿದ್ದರು:

"ಸಾಯುವವರಿಗೆ ಎಣ್ಣೆ ಹಚ್ಚುವುದು ಗುರುಗಳ ಕೆಲಸ. ಪ್ರಾರ್ಥನೆ ಯಾರೂ ಹೇಳಬಹುದು. ನಾನು ಬರುವುದು ತಡವಾದರೆ ನೀನು ಓದು ಮಾರಾಯ್ತಿ."

ಸುಂದ್ರಮ್ಮ ಅಲ್ಲೇ ನಿಂತು ಓದಿ ನೋಡಿದಳು. 'ಕ್ರೈಸ್ತ ಆತ್ಮವೇ, ಈ ಲೋಕದಿಂದ ಹೊರಡು. ನಿನ್ನನ್ನು ಸೃಷ್ಟಿಸಿದ ಪಿತನ ಹೆಸರಿನಲ್ಲಿ ಹೊರಡು. ನಿನಗಾಗಿ ಪಾಡುಪಟ್ಟ ಸುತನ ಹೆಸರಿನಲ್ಲಿ ಹೊರಡು.' ಅಲ್ಲಿಗೆ ನಿಲ್ಲಿಸಿದಳು.

"ಫಾದರ್, ಇದರಾಗ 'ಹೊರಡು' ಅಂತ ಅದರಿ."

"ಹೌದು."

"ಮುಂದ 'ಬಾ' ಇಲ್ಲಲ್ರಿ."

"ಯಾಕೆ ಬರಬೇಕು? ದೇವರ ಹತ್ತಿರ ಹೋದವರು ವಾಪಸು ಯಾಕೆ ಬರಬೇಕು?"

"ಬರೂದು ಬಿಡೂದು ಅವರ ಮರ್ಜಿರಿ. ಅನ್ನೂದು ನಮ್ಮ ರೀತಿ ಅಲ್ರಿ. ಮನುಷ್ಯಾ ಸಾಯಾಕತ್ಯಾನ, ಅವನ ಮಾರಿ ಮ್ಯಾಲ ನಡಿ ಹೊರಗ ಅಂತ ಹ್ಯಾಂಗ ಅನ್ಲಿ?"

ಫಾದರ್ ಕರಾವಳಿಯ ಕಡೆಯವರು. ಅವರ ಕನ್ನಡ ಇಸ್ತ್ರಿ ಹಾಕಿದ ಅಂಗಿಯ ಹಾಗೆ, ಎಲ್ಲೂ ಮಡಿಕೆ ಇಲ್ಲ. "ಇದ್ದದ್ದು ಇದ್ದ ಹಾಗೆ ಓದು ಮಾರಾಯ್ತಿ," ಅಂದು ಗಾಡಿಗೆ ಒದ್ದರು. ಗಾಡಿ ಚಾಲೂ ಆಗಲಿಲ್ಲ. ಕೇರಿಯ ಜನ ನೂಕಿಕೊಟ್ಟು, "ಹೋಗಿ ಬರ್ರಿ ಫಾದರ್," ಅಂದರು.

ಮುಂದೆ ಈಶಪ್ಪನ ಪ್ರಸಂಗ ನಡೆಯಿತು. ಈಶಪ್ಪ ಕೇರಿಗೇ ಹಿರಿಯ. ಒಂದು ಬೆಳಿಗ್ಗೆ ಅವನ ಉಸಿರು ಗಂಟಲಿಗೆ ಬಂತು, ಬಡಿಗ ಹೆಣದ ಪೆಟ್ಟಿಗೆ ಮುಗಿಸಿ ಕೈ ತೊಳೆದುಕೊಂಡ. ಸುಂದ್ರಮ್ಮ ಬಂದು ಈಶಪ್ಪನ ಕೈಗೆ ಮೇಣದ ಬತ್ತಿ ಹಿಡಿಸಿ ಓದತೊಡಗಿದಳು. 'ಹೊರಡು' ಬಂದಲ್ಲಿ ನಾಲಿಗೆ ತಾನೇ ಹೊರಳಿತು. "ಹೋಗಿ ಬಾ ಮಾಮಾ," ಅಂದಳು. ಪಿತನ ಹೆಸರಿನಲ್ಲಿ ಹೋಗಿ ಬಾ, ಸುತನ ಹೆಸರಿನಲ್ಲಿ ಹೋಗಿ ಬಾ, ಪವಿತ್ರಾತ್ಮರ ಹೆಸರಿನಲ್ಲಿ ಹೋಗಿ ಬಾ.

ಈಶಪ್ಪ ಹೋದ. ಹೋದ ಎಂದು ಎಲ್ಲರೂ ನೋಡಿದ್ದಾರೆ. ಅಳುವವರು ಅಳಲು ಶುರುಮಾಡಿಯೂ ಆಗಿತ್ತು. ಆಮೇಲೆ ಅವನು ಕಣ್ಣು ಬಿಟ್ಟು, "ಯಾವಳು ನನ್ನ ಕೈ ಮ್ಯಾಲ ಮೇಣ ಸುರುವ್ಯಾಳ, ಸುಡಾಕತ್ತದ," ಅಂದ. ಎದ್ದು ಕೂತು ರೊಟ್ಟಿ, ಶೇಂಗಾ ಹಿಂಡಿ ಬೇಡಿದ. ಪೆಟ್ಟಿಗೆ ವಾಪಸು ತಗೊಳ್ಳಲು ಬಡಿಗ ಒಪ್ಪಲಿಲ್ಲ. ಈಶಪ್ಪ ಅದರಲ್ಲಿ ಜೋಳ ತುಂಬಿಟ್ಟ. ಇಲಿ ಹೊಗುವುದಿಲ್ಲ, ಭಾಳ ಬಂದೋಬಸ್ತು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಆ ಪೆಟ್ಟಿಗೆಯ ಜೋಳ ತಿಂದು ತಿಂದು ಅವನಿಗೆ ಉದುರಿದ್ದ ಹಲ್ಲು ಒಂದೆರಡು ತಿರುಗಿ ಹುಟ್ಟಿದವು ಅನ್ನುತ್ತಾರೆ.

ಆಮೇಲೆ ಊರೊಳಗಿನ ದುರಗಮ್ಮ. ಅವಳೇನು ಕ್ರೈಸ್ತಳಲ್ಲ. ಆದರೆ ಸಾಯುವಾಗ ಯಾವ ಬಸ್ಸು ಸಿಕ್ಕರೂ ಹತ್ತುತ್ತಾರೆ. ಕಾಲುವೆ ನೀರು ಬಂದು ಅವಳ ಬೀಳು ಹೊಲ ಭತ್ತದ ಗದ್ದೆಯಾಗಿತ್ತು, ಮೈಮೇಲೆ ಬೆಳ್ಳಿ ಬಂಗಾರ ಏರಿತ್ತು. ಸುಂದ್ರಮ್ಮ ಓದಿದಳು, ದುರಗಮ್ಮ ಹೋದಳು, ಬಂದಳು. ಬಂದವಳು ಮೊದಲು ಕೇಳಿದ್ದು ನೀರಲ್ಲ, ತೋಳಬಂದಿ. ಸೊಸೆಯಂದಿರು ಅಷ್ಟರಲ್ಲಿ ಹಂಚಿಕೊಂಡು ಹಾಕಿಕೊಂಡೂ ಆಗಿತ್ತು. ಬಿಚ್ಚಿ ಕೊಡಬೇಕಾಯಿತು. ಒಬ್ಬಳ ತೋಳಿನಿಂದ ಬರಲೊಲ್ಲದು, ಎಣ್ಣೆ ಹಚ್ಚಿ ಎಳೆದರು.

ಅಲ್ಲಿಂದ ಮುಂದೆ ಜನ ಹುಷಾರಾದರು. ಕರೆಯಲು ಬಂದವರು ಸುಂದ್ರಮ್ಮನನ್ನು ಮೊದಲು ಮೂಲೆಗೆ ಕರೆಯುತ್ತಿದ್ದರು.

"ಸುಂದ್ರವ್ವ, ನಮ್ಮ ಮಾವಗ ಭಾಳ ತಕಲೀಫ್ ಆಗ್ಯಾದ, ನೋಡಾಕ ಆಗವಲ್ದು. ಬುಕ್ಕಿನಾಗ ಹ್ಯಾಂಗ ಅದನೋ ಹಂಗೇ ಓದು ಯವ್ವ. ನಿಂದೇನೂ ಸೇರಸಬ್ಯಾಡ."

ಸುಂದ್ರಮ್ಮ ಹೂಂ ಅನ್ನುತ್ತಿದ್ದಳು. ಆ ಜಾಗ ಬಂದಾಗ ಮಾತ್ರ ನಾಲಿಗೆ ತನ್ನ ದಾರಿಯನ್ನೇ ಹಿಡಿಯುತ್ತಿತ್ತು. ಒಂದಿಷ್ಟು ಜನ ಬಂದರು, ಒಂದಿಷ್ಟು ಜನ ಬರಲಿಲ್ಲ. ಊರು ಬಂದವರನ್ನು ನೆನಪಿಟ್ಟಿತು. ಶಹಾಪುರ, ಸುರಪುರದ ತನಕ ಸುದ್ದಿ ಹೋಯಿತು. ದೀಕ್ಷಾಸ್ನಾನದಲ್ಲಿ ಇಟ್ಟ ಸೂಸನ್ನಾ ಎಂಬ ಹೆಸರು ಮೊದಲೇ ಯಾರಿಗೂ ಗೊತ್ತಿರಲಿಲ್ಲ. ಈಗ ಸುಂದ್ರಮ್ಮ ಎಂಬುದೂ ಹೋಗಿ, ಅವಳು ಹೋಗಿಬಾ ಅವ್ವ ಆದಳು.

ಆದರೆ ಮೊದಲು 'ಹೋಗಿ ಬಾ' ಅನ್ನಿಸಿಕೊಂಡವನು ಈಶಪ್ಪ ಅಲ್ಲ. ಮೊದಲನೆಯವಳು ರೇಣಿ, ಸುಂದ್ರಮ್ಮನ ಒಬ್ಬಳೇ ಮಗಳು.

ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ತಗ್ಗಿನಲ್ಲೆಲ್ಲ ನೀರು ನಿಂತಿತು. ಜನ ತೆಂಗಿನಕಾಯಿ ಒಡೆದರು, ಸೊಳ್ಳೆ ಮರಿ ಒಡೆದವು. ಕೇರಿಗೆ ನಡುಗುಜ್ವರ ಬಂತು. ರೇಣಿ ಆಗ ಪರಕಾರ ತೊಡುವ ಹುಡುಗಿ, ಯಾರಾದರೂ ಬಂದರೆ ಬಾಗಿಲ ಹಿಂದೆ ನಿಂತು ಬಾಗಿಲ ಸಂದಿಯಿಂದಲೇ ಮಾತಾಡುವವಳು. ಕಾಲುವೆ ಒಡೆದು ದಾರಿ ಮುಳುಗಿ ಫಾದರ್ ಬರಲಿಲ್ಲ. ಓದುವವಳು ತಾಯಿ ಒಬ್ಬಳೇ. 'ಹೊರಡು' ಎಂದು ಅಚ್ಚಾಗಿದ್ದ ಜಾಗದಲ್ಲಿ ಸುಂದ್ರಮ್ಮ, "ಹೋಗಿ ಬಾ ನನ್ನವ್ವ," ಅಂದಳು. ಹುಡುಗಿಯ ತುಟಿ ಅಲ್ಲಾಡಿತು. ಒಣಗಿದ ನಾಲಿಗೆಯಿಂದ ಮಾತು ಬರಲಿಲ್ಲ.

ಅವತ್ತಿನಿಂದ ಸುಂದ್ರಮ್ಮ ಬಾಗಿಲಿಗೆ ಅಗಳಿ ಹಾಕುವುದನ್ನು ಬಿಟ್ಟಳು. ರೇಣಿ ಬಾಗಿಲು ಬಡಿದು ಕೂಗುವ ಹುಡುಗಿಯಲ್ಲ. ಅಗಳಿ ಹಾಕಿದ್ದು ಕಂಡರೆ ಸುಮ್ಮನೆ ತಿರುಗಿ ಹೋಗುವವಳು. ತೆರೆದ ಬಾಗಿಲಿನಿಂದ ಎರಡು ಸಲ ಆಡು ಬಂತು, ಒಂದು ಸಲ ಕಾಲುವೆ ಸರ್ವೆಯವನು ಬಂದು ಮಜ್ಜಿಗೆ ಕುಡಿದು ಹೋದ. ರೇಣಿ ಬರಲಿಲ್ಲ. ಈಶಪ್ಪ ಬಂದ, ದುರಗಮ್ಮ ಬಂದಳು, ಬೀಡಿ ಸೇದುವವರು, ಸೊಸೆಗೆ ಕೋಲು ಹಿಡಿಯುವವರು ಎಲ್ಲ ಬಂದರು. ದುರಗಮ್ಮ ತೋಳಬಂದಿ ಹಾಕಿಕೊಂಡು ಎದುರು ಸಿಕ್ಕಾಗ ಸುಂದ್ರಮ್ಮ ನಗುತ್ತಿದ್ದಳು. ನಕ್ಕ ಬಾಯಲ್ಲಿ ಬೇವಿನ ರಸ ಇರುತ್ತಿತ್ತು.

ಇನ್ನು ರೇಣಿಯ ಅಪ್ಪ, ಖಂಡಪ್ಪ. ರೇಣಿ ಅಂಬೆಗಾಲಿಡುವಾಗ ಕಾಲುವೆ ಅಗೆಯುವ ಗ್ಯಾಂಗಿನ ಸಂಗಡ ಸುರಪುರದ ಕಡೆ ಹೊರಟ. ಹೊಸ್ತಿಲಲ್ಲಿ ನಿಂತು, "ಬರ್ತೇನಿ," ಅಂದ. ಇವಳು, "ಹೋಗಿ ಬಾ," ಅಂದಳು. ಅವನು ಹೋದ ದಿಕ್ಕಿನಿಂದಲೇ ಮುಂದೆ ಕಾಲುವೆಯಲ್ಲಿ ನೀರು ಬಂತು. ಅವನು ಬರಲಿಲ್ಲ.

ಒಂದು ಮಧ್ಯಾಹ್ನ ಸುಂದ್ರಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪಕ್ಕದ ಮನೆಯ ಜಹೀರುನ್ನೀಸಾ ಮೋಟುಗೋಡೆಯ ಮೇಲೆ ಮೊಳಕೈ ಊರಿ ಊರಿನ ವರ್ತಮಾನ ಹೇಳುತ್ತಿದ್ದಳು. ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಹಿಂದಿನ ಟ್ರೇಲರಿನಲ್ಲಿ ಹುಲ್ಲಿನ ಮೇಲೆ ಒಬ್ಬ ಗಂಡಸು, ಹೊಟ್ಟೆ ಕೊಡದ ಹಾಗೆ ಊದಿದೆ. ಸೆರಗಿನಿಂದ ಅವನಿಗೆ ನೆರಳು ಹಿಡಿದು ಒಬ್ಬ ಹೆಂಗಸು ಕೂತಿದ್ದಾಳೆ.

"ಹೋಗಿಬಾ ಅವ್ವನ ಮನಿ ಇದೇ ಏನ್ರಿ?" ಆ ಹೆಂಗಸು ಕೇಳಿದಳು. "ಸುರಪುರದ ಕಡಿಂದ ಬಂದೀವ್ರಿ. ನನ್ನ ಹೆಸರು ಮಲ್ಲಾಬಾಯಿ. ನಮ್ಮ ಮನಿಯವರ ಹೊಟ್ಟಿನಾಗ ನೀರು ತುಂಬ್ಯಾವ. ಡಾಕ್ಟರ್ ಕೈ ಬಿಟ್ಟಾರ. ನಿಮ್ಮ ಬಾಯಿಂದ ಒಂದು ಮಾತು ಬಂದ್ರ ಸಾಯೋರು ತಿರುಗಿ ಬರ್ತಾರಂತಲ್ರಿ."

ಸುಂದ್ರಮ್ಮ ಮೊರ ಕೆಳಗಿಟ್ಟು ಹತ್ತಿರ ಹೋದಳು. ಊದಿದ ಮುಖ, ಹಳದಿ ಕಣ್ಣು. ಎಡಹುಬ್ಬಿನ ಮೇಲಿನ ಗಾಯದ ಗುರುತು ಮಾತ್ರ ಹಾಗೇ ಇತ್ತು.

"ಅರೆ, ಸುಂದ್ರಿ," ಅಂದ ಅವನು. "ಹೋಗಿಬಾ ಅವ್ವ ಅಂದ್ರ ನೀನೇನ?"

"ಹೌದು. ಹೋದವ ಅಂದ್ರ ನೀನೇನ?"

ಖಂಡಪ್ಪ ಸ್ವಲ್ಪವೂ ಗಾಬರಿಯಾಗಲಿಲ್ಲ. "ಬರಬೇಕಂತನೇ ಇದ್ದೆ. ಕೆನಾಲ್ ಕೆಲಸ ಮುಗೀಲೇ ಇಲ್ಲ."

"ನೀರು ಬಂದು ಎಷ್ಟೋ ವರ್ಸ ಆತು."

"ಅದು ಮೇನ್ ಕೆನಾಲು. ಮರಿಗಾಲಿವಿ ಇನ್ನೂ ಭಾಳ ಅವ."

ಮಲ್ಲಾಬಾಯಿ ಒಮ್ಮೆ ಇವನನ್ನು, ಒಮ್ಮೆ ಅವಳನ್ನು ನೋಡಿದಳು. "ನಿನ್ನ ಮೊದಲ್ನೇ ಹೇಣ್ತಿ ಸತ್ತಾಳ ಅಂದಿದ್ದೆಲ್ಲ?"

"ಎಲ್ಲಾರೂ ಒಂದಿನ ಸಾಯೋರೇ," ಅಂದ ಖಂಡಪ್ಪ. ಆಮೇಲೆ ಮನೆಯ ಕಡೆ ಕತ್ತು ಹೊರಳಿಸಿ, "ರೇಣಿ ಎಲ್ಲದಾಳ?"

"ಹೋಗ್ಯಾಳ."

"ಗಂಡನ ಮನಿಗೇನು? ಚಲೋ ಆತು ಬಿಡು. ಯಾ ಊರು?"

ಗೋಡೆಯ ಮೇಲಿಂದ ಜಹೀರುನ್ನೀಸಾ ಹೇಳಿದಳು: "ಕೆನಾಲ್ ದಂಡಿಗಿ, ಬೇವಿನ ಗಿಡದ ಬುಡಕ. ಅಲ್ಲೇ ಅದ ನೋಡಪ್ಪ ನಿನ್ನ ಬೀಗರ ಮನಿ. ಜ್ವರ ಬಂದು ಹೋತು ಕೂಸು."

ಖಂಡಪ್ಪ ಪಕ್ಕಕ್ಕೆ ಕೈ ಚಾಚಿದ. ಹುಲ್ಲಿನ ಒಂದು ಎಸಳು ಕಿತ್ತು ಬೆರಳಿಗೆ ಸುತ್ತಿದ. ಬಿಚ್ಚಿದ.

"ಆಗ ಹೋಗಿ ಬಾ ಅನ್ಲಿಲ್ಲೇನ ನೀ?"

"ಅಂದೆ."

"ಮತ್ತ?"

"ಎಲ್ಲಾರೂ ನಿನ್ನಂಗ ನಾಚಿಕಿಗೇಡಿ ಇರ್ತಾರೇನು, ಬಾ ಅಂದಿದ್ರಂತ ಬಂದುಬಿಡಾಕ?"

ಅವನು ಅದನ್ನು ತೂಗಿ ನೋಡಿದ ಹಾಗೆ ಮಾಡಿದ. ಆಮೇಲೆ ಹೇಳಿದ, "ಹಂಗಾದ್ರ ನನಗೂ ಒಮ್ಮೆ ಅಂದು ನೋಡು."

ಸುಂದ್ರಮ್ಮ ಅವನನ್ನು ಅಂಗಳದ ಬೇವಿನ ನೆರಳಿಗೆ, ಹೊರಸಿನ ಮೇಲೆ ಹಾಕಿಸಿದಳು. ಒಳಗೆ ಕರೆಯಲಿಲ್ಲ. ಮಲ್ಲಾಬಾಯಿಯೇ ತೊಳೆಯುವುದು, ಉಣಿಸುವುದು, ಹೊರಳಿಸುವುದು ಎಲ್ಲ ಮಾಡಿದಳು. ಗಂಜಿ ಕುಡಿದು ಖಂಡಪ್ಪ ಉಪ್ಪು ಕಡಿಮೆ ಅಂದ. ಮಗಳ ಹೆಸರು ಮತ್ತೆ ಎತ್ತಲಿಲ್ಲ. ಸಂಜೆ ಮಲ್ಲಾಬಾಯಿ ಸುಂದ್ರಮ್ಮನ ಬೀಸುಕಲ್ಲಿನ ಎದುರಿಗೆ ಬಂದು ಕೂತು ಗೂಟಕ್ಕೆ ತಾನೂ ಕೈ ಹಾಕಿದಳು.

"ಅಕ್ಕಾ, ಅದೊಂದು ಮಾತು ಅನ್ನು. ಅಂದ್ರ ನಿಂದೇನು ಹೋಗ್ತದ?"

"ಇದ್ದದ್ದು ಹೋಗಿ ಆಗ್ಯಾದ ತಂಗಿ."

"ಇವ ನನಗೂ ಚಲೋ ಮನುಷ್ಯಾ ಏನಲ್ಲ. ಹೊಡೀತಾನ, ಸೇಂದಿ ಕುಡೀತಾನ. ಆದ್ರ ಬ್ಯಾರೆ ಯಾರದಾರ ನನಗ?"

ಕಲ್ಲು ತಿರುಗಿತು. ಸುಂದ್ರಮ್ಮ ಇನ್ನೊಂದು ಹಿಡಿ ಜೋಳ ಕಲ್ಲಿಗೆ ಹಾಕಿದಳು. ಅವಳಿಗೆ ಬೇಕಿದ್ದುದು ಒಂದೇ: ಈ ಮನುಷ್ಯನ ಮುಖದ ಮೇಲೆ ಒಮ್ಮೆ ಬರೀ 'ಹೋಗು' ಅನ್ನಬೇಕು, ಹಿಂದೆ 'ಬಾ' ಇರಬಾರದು. ಅವನು ಹೊಸ್ತಿಲು ದಾಟಿದ ದಿನವೇ ಅನ್ನಬೇಕಾಗಿದ್ದ ಮಾತು ಗಂಟಲಲ್ಲಿ ಕೂತು ಕಲ್ಲಾಗಿತ್ತು. ಆದರೆ ಬಾಯಿಗೆ ರೂಢಿ ಬೇಕಲ್ಲ. ಹಿತ್ತಲಿಗೆ ಹೋಗಿ ಆಡಿನ ಎದುರು ನಿಂತು, "ಹೋಗು," ಅನ್ನಲು ನೋಡಿದಳು. 'ಹೋ' ಬಂತು, 'ಗು' ಬರಲಿಲ್ಲ. ಆಡು ಅವಳನ್ನೇ ನೋಡುತ್ತ ನಿಂತಿತು.

ಜಹೀರುನ್ನೀಸಾ ಗೋಡೆಯ ಆಚೆಯಿಂದ ಕೇಳಿದಳು. "ಆಡಿಗೂ ಅನ್ನಾಕ ಬರವಲ್ದು, ಗಂಡಗ ಹ್ಯಾಂಗ ಅಂತೀ ಬೇ?"

"ಆಡು ನನಗೇನೂ ಮಾಡಿಲ್ಲ."

"ಅನ್ನಬ್ಯಾಡ ಸುಂದ್ರವ್ವ. ಜಿಂದಗಿ ಪೂರಾ ಹೋಗಿ ಬಾ ಅಂದ ಬಾಯಿ ಅದು."

ಅಷ್ಟರಲ್ಲಿ ಫಾದರ್ ಬಂದರು. ಖಂಡಪ್ಪನಿಗಾಗಿ ಅಲ್ಲ, ದೂರು ವಿಚಾರಿಸಲು. ದುರಗಮ್ಮನ ಸೊಸೆಯಂದಿರು ಬಸ್ಸು ಹತ್ತಿ ಯಾದಗಿರಿಗೇ ಹೋಗಿ, ನಮ್ಮತ್ತೆ ನಿಮ್ಮ ಧರ್ಮದವಳಲ್ಲ, ನಮಗೇನೂ ಇಲ್ಲ, ಆದರೆ ಆ ಹೆಣ್ಮಗಳು ನಿಮ್ಮ ಪುಸ್ತಕ ತಪ್ಪು ಓದುತ್ತಾಳೆ, ದೇವರ ಮಾತು ನೋಡಿರಿ ಎಂದು ಬಹಳ ಭಕ್ತಿಯಿಂದ ಹೇಳಿದ್ದರು.

ಫಾದರ್ ಹೊರಸಿನ ಮೇಲಿನ ಮನುಷ್ಯನನ್ನು ನೋಡಿದರು, ಯಾರೆಂದು ಕೇಳಿದರು, ತಿಳಿದುಕೊಂಡರು. ಅವನ ಪಾಪನಿವೇದನೆ ಕೇಳಲು ಎಲ್ಲರನ್ನೂ ದೂರ ಕಳಿಸಿದರು. ಬಹಳ ಹೊತ್ತು ಹಿಡಿಯುತ್ತದೆ ಎಂದು ಜಹೀರುನ್ನೀಸಾ ಚಹಾಕ್ಕೆ ಇಟ್ಟಳು. ಹಾಲು ಉಕ್ಕುವುದರೊಳಗೆ ಮುಗಿದಿತ್ತು. ಫಾದರ್ ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿದರು. ಆಮೇಲೆ ಪುಸ್ತಕ ಸುಂದ್ರಮ್ಮನ ಕೈಗೆ ಕೊಟ್ಟರು.

"ಇವತ್ತು ನನ್ನ ಎದುರಿಗೆ ನೀನು ಓದು. ಅಚ್ಚಾದದ್ದನ್ನು ಅಚ್ಚಾದ ಹಾಗೆ. ಒಂದಕ್ಷರ ಹೆಚ್ಚು ಬೇಡ."

ಕೇರಿ ಪೂರಾ ಬಂದು ನಿಂತಿತ್ತು. ಈಶಪ್ಪ ಮುಂದಿನ ಸಾಲಿನಲ್ಲಿ ಶೇಂಗಾ ಅಗಿಯುತ್ತಿದ್ದ. ಮಲ್ಲಾಬಾಯಿ ಸುಂದ್ರಮ್ಮನ ಕಾಲು ಹಿಡಿದುಕೊಂಡಳು. "ಅಕ್ಕಾ," ಅಂದಳು. ಖಂಡಪ್ಪ ಹಳದಿ ಕಣ್ಣು ಬಿಟ್ಟು, ಎಷ್ಟೋ ವರ್ಷದ ಹಿಂದೆ ಹೊಸ್ತಿಲಲ್ಲಿ ನಕ್ಕ ಹಾಗೇ ನಕ್ಕ. ಆ ನಗುವಿನಲ್ಲಿ ಅನುಮಾನವೇ ಇರಲಿಲ್ಲ. ಇವಳು ಅನ್ನುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಯಾವಾಗಲೂ ಅಂದಿದ್ದಾಳಲ್ಲ.

ಸುಂದ್ರಮ್ಮ ಓದಿದಳು. "ಕ್ರೈಸ್ತ ಆತ್ಮವೇ, ಈ ಲೋಕದಿಂದ." ನಿಂತಳು. ಗಂಟಲಿನ ಕಲ್ಲು ಅಲ್ಲಾಡಿತು.

"ಹೊರಡು," ಅಂದಳು.

ಈಶಪ್ಪ ಅಗಿಯುವುದನ್ನು ನಿಲ್ಲಿಸಿದ. ಖಂಡಪ್ಪನ ನಗು ಹಾಗೇ ಉಳಿದು, ಅದರ ಹಿಂದೆ ಇದ್ದವನು ಗಾಬರಿಯಾದ.

"ನಿನ್ನನ್ನು ಸೃಷ್ಟಿಸಿದ ಪಿತನ ಹೆಸರಿನಲ್ಲಿ ಹೊರಡು." ಇದು ಬೆಣ್ಣೆಯ ಹಾಗೆ ಬಂತು. "ನಿನಗಾಗಿ ಪಾಡುಪಟ್ಟ ಸುತನ ಹೆಸರಿನಲ್ಲಿ ಹೊರಡು." ಈ ಸಲ ಧ್ವನಿ ಕಾಲುವೆಯ ಆಚೆ ದಂಡೆಗೂ ಕೇಳಿತು. ನೀರಿನ ಮೇಲಿನ ಬೆಳ್ಳಕ್ಕಿಗಳು ಎದ್ದವು. "ನಿನ್ನ ಮೇಲೆ ಇಳಿದ ಪವಿತ್ರಾತ್ಮರ ಹೆಸರಿನಲ್ಲಿ ಹೊರಡು." ಅಲ್ಲಿಗೆ ಅಚ್ಚಾದದ್ದು ಮುಗಿದಿತ್ತು. ಸುಂದ್ರಮ್ಮ ಪುಸ್ತಕ ಮುಚ್ಚಿ, ಅಚ್ಚಾಗದ್ದನ್ನು ಒಂದಿಷ್ಟು ಸೇರಿಸಿದಳು. "ಹೋಗು. ನಡಿ."

ಫಾದರ್ ಅದಕ್ಕೆ ಏನೂ ಅನ್ನಲಿಲ್ಲ. ಅರ್ಥದಲ್ಲಿ ತಪ್ಪಿರಲಿಲ್ಲ.

ಖಂಡಪ್ಪ ಅವಳ ಮುಖವನ್ನೇ ನೋಡಿದ. ಬಾಯಿ ತೆರೆದ. ಎಲ್ಲರೂ ಬಗ್ಗಿದರು. ಇಷ್ಟು ವರ್ಷದ ಮೇಲೆ ಈಗಲಾದರೂ ಮಗಳ ಹೆಸರು ಬರುತ್ತದೆಂದು ಸುಂದ್ರಮ್ಮನೂ ಬಗ್ಗಿದಳು.

"ಬರ್ತೇನಿ," ಅಂದ ಖಂಡಪ್ಪ. ಅಂದು, ಹೋದ.

ಫಾದರ್ ಲಿಗೋರಿಯವರ ಕಣ್ಣಲ್ಲಿ ನೀರು ಬಂತು. ಎಂಥ ವಿಶ್ವಾಸ, ಪುನರುತ್ಥಾನವನ್ನು ಒಂದೇ ಮಾತಿನಲ್ಲಿ ಹೇಳಿ ಕಣ್ಣು ಮುಚ್ಚಿದ, ಇದು ಸಂತರ ಮರಣ ಅಂದರು. ಮುಂದಿನ ಭಾನುವಾರ ಯಾದಗಿರಿಯ ಪೂಜೆಯಲ್ಲಿ ಅದರ ಮೇಲೇ ಪ್ರಸಂಗ ಮಾಡಿದರಂತೆ. ಕೇಳಿದ ಹೆಂಗಸರು ಅತ್ತರಂತೆ.

ಪೆಟ್ಟಿಗೆ ತಯಾರಿರಲಿಲ್ಲ. ಈಶಪ್ಪ ಜೋಳ ಸುರುವಿ ತನ್ನದನ್ನೇ ಕೊಟ್ಟ. ಅದನ್ನು ಸುಂದ್ರಮ್ಮನ ಅಂಗಳಕ್ಕೆ ಹೊತ್ತು ತರುತ್ತ, "ಸದ್ಯ ನನಗ ಬೇಕಾಗಿಲ್ಲ," ಅಂದ, "ಆದ್ರ ಇಲಿ ಮುಟ್ಟಲಾರದ ಪೆಟ್ಟಿಗಿ ಹೋತಲ್ಲ." ಹುಗಿಯಲು ಜಾಗ ಎಲ್ಲಿ ಎಂಬ ಮಾತು ಬಂತು. ಕಾಲುವೆ ದಂಡೆಯ ಬೇವಿನ ಬುಡದಲ್ಲಿ ರೇಣಿಯ ಪಕ್ಕ ಸುಂದ್ರಮ್ಮ ತನಗೆಂದು ಬಿಟ್ಟುಕೊಂಡಿದ್ದ ಜಾಗ ಒಂದಿತ್ತು. "ತಂದೆ ಮಗಳ ಪಕ್ಕ ಮಲಗಲಿ," ಅಂದರು ಫಾದರ್. ಅಲ್ಲಿಯೇ ಹಾಕಿದರು. ಗುಂಡಿಯಲ್ಲಿ ಕಾಲುವೆಯ ಬಸಿನೀರು ಜಿನುಗುತ್ತಿತ್ತು.

ಮಲ್ಲಾಬಾಯಿ ಶಹಾಪುರದ ಬಸ್ಸಿಗೆ ಗಂಟು ಹೊತ್ತು ನಿಂತಳು. ಸುಂದ್ರಮ್ಮ ರೊಟ್ಟಿಬುತ್ತಿ ಕಟ್ಟಿ ತಂದಿದ್ದಳು. ಮಲ್ಲಾಬಾಯಿ ತಗೊಂಡಳು, ಮುಖ ನೋಡಲಿಲ್ಲ. "ಹೋಗ್ತೇನಿ," ಅಂದಳು. ಕರಡಿಗೇರಿಯಲ್ಲಿ ಹಾಗೆ ಅಂದು ಹೋದವರು ಅವಳೊಬ್ಬಳೇ.

ಅದಾದ ಮೇಲೆ ಸುಂದ್ರಮ್ಮನನ್ನು ಸಾಯುವವರ ಮನೆಗೆ ಯಾರೂ ಕರೆಯಲಿಲ್ಲ. ಉಳಿಯಲಿ ಅನ್ನುವವರಿಗೆ ಅವಳ 'ಹೊರಡು' ಭಯ, ಹೋಗಲಿ ಅನ್ನುವವರಿಗೆ ಅವಳ 'ಹೋಗಿ ಬಾ' ಭಯ. ಪುಸ್ತಕ ಚರ್ಚಿನ ಕಪಾಟು ಸೇರಿತು. ಅವಳಿಗೆ ಅದರ ಫಿಕರ್ ಇರಲಿಲ್ಲ. ಬೇರೊಂದು ಹತ್ತಿಕೊಂಡಿತ್ತು.

ಒಂದು ಸಂಜೆ ಜಹೀರುನ್ನೀಸಾ ಗೋಡೆಗೆ ಬಂದಾಗ ಸುಂದ್ರಮ್ಮ ಬಾಗಿಲಿನ ಎದುರು ಕುಕ್ಕರುಗಾಲಲ್ಲಿ ಕೂತು ಅಗಳಿಯನ್ನು ನೋಡುತ್ತಿದ್ದಳು. ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಆಚೆ ಈಚೆ ಸರಿಸಿ ನೋಡಿದ್ದಳು.

"ಇನ್ನರ ಅಗಳಿ ಹಾಕು ಬೇ. ಅವ ಬರ್ತೇನಿ ಅಂದು ಹೋಗ್ಯಾನ."

"ಅವನ ಮಾತು ಏನ್ ನಂಬ್ತಿ? ಸುಳ್ಳ."

"ಹೋದ ಸಲಾನೂ ಸುಳ್ಳ ಅಂದಿ. ತಡಾ ಆದ್ರೂ ಬಂದಾನಿಲ್ಲ?"

ಅದು ಖರೆಯಾಗಿತ್ತು. ಸುಂದ್ರಮ್ಮ ಅಗಳಿಯ ಮೇಲೆ ಕೈ ಇಟ್ಟಳು.

"ಹಾಕಿದ್ರ ಹುಡುಗಿ ಹ್ಯಾಂಗ ಬರ್ತಾಳ?"

ಜಹೀರುನ್ನೀಸಾ ಇದಕ್ಕೆ ಯಾವಾಗಲೂ ಏನಾದರೂ ಚೇಷ್ಟೆ ಮಾಡುತ್ತಿದ್ದಳು. ಅವತ್ತು ಮಾಡಲಿಲ್ಲ. "ಆಕಿ ಬರ್ತೇನಿ ಅಂದಿದ್ದಳೇನ ಸುಂದ್ರವ್ವ?" ಎಂದು ಮಾತ್ರ ಕೇಳಿದಳು.

"ಇಲ್ಲ. ಅನ್ನಾಕ ಹೋದಳು. ನಾಲಿಗಿ ಒಣಗಿತ್ತು. ಒಂದು ಗುಟುಕು ನೀರು ಹಾಕಿದ್ರ ಅಂತಿದ್ದಳು. ನಾ ಪುಸ್ತಕ ಹಿಡಕೊಂಡು ಓದಾಕತ್ತಿದ್ದೆ."

ಕಾಲುವೆಗೆ ಆ ದಿನ ನೀರು ಬಿಟ್ಟಿದ್ದರು, ಸದ್ದು ಕೇಳುತ್ತಿತ್ತು.

ಆಮೇಲೆ ಸುಂದ್ರಮ್ಮ ಎದ್ದು ಒಳಗಿನಿಂದ ಒನಕೆ ತಂದಳು. ಬಾಗಿಲು ಪೂರ್ತಿ ತೆರೆದು, ಹೊಸ್ತಿಲಿಗೆ ಅಡ್ಡವಾಗಿ ಚಾಪೆ ಹಾಸಿದಳು. ಚಾಪೆಯ ಒಂದು ಬದಿಗೆ ನೀರು ತುಂಬಿದ ತಂಬಿಗೆ ಇಟ್ಟಳು, ಇನ್ನೊಂದು ಬದಿಗೆ ಒನಕೆ.

ಈಗಲೂ ಹಾಗೇ ಮಲಗುತ್ತಾಳೆ. ಬರುವುದು ಯಾರು ಎಂದು ನೋಡಿ ಎತ್ತಿಕೊಳ್ಳುವುದಕ್ಕೆ.